ಸ್ಟೇನ್ ಡಬ್ಬಿಗೆ ಕೈ ಹಾಕುವ ಮುನ್ನ

ಹಿತ್ತಲ ಡೆಕ್ಕಿನ ಹಲಗೆಗಳು ಬೂದಿ ಬಣ್ಣಕ್ಕೆ ತಿರುಗಿವೆ. ಮೂರು ವರ್ಷದ ಹಿಂದೆ ಹಚ್ಚಿದ ಸ್ಟೇನ್ ಓಡಾಡುವ ಜಾಗದಲ್ಲೆಲ್ಲ ಸವೆದುಹೋಗಿ, ಬೆಂಚಿನ ಕೆಳಗೆ ಮಾತ್ರ ಹಾಗೇ ಉಳಿದಿದೆ. ಮುಂದಿನ ತಿಂಗಳು ಊರಿನಿಂದ ಅಪ್ಪ ಅಮ್ಮ ಬರುತ್ತಾರೆ. ಹಾಗಾಗಿ ಈ ಶನಿವಾರ ಬೆಳಿಗ್ಗೆ ಅಂಗಡಿಗೆ ಹೋಗಿ ಎರಡು ಗ್ಯಾಲನ್ ತಂದು, ಸಂಜೆಯೊಳಗೆ ಬಳಿದು ಕೈ ತೊಳೆದುಕೊಳ್ಳೋಣ ಅಂತ ನೀವು ಲೆಕ್ಕ ಹಾಕಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೊಳೆ, ಪಾಚಿ, ಸತ್ತ ನಾರು ಇವುಗಳ ಮೇಲೆ ಬಳಿದ ಸ್ಟೇನ್ ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಎದ್ದುಬರುತ್ತದೆ. ಆಮೇಲೆ ಅದನ್ನು ಕೆರೆದು ತೆಗೆಯುವ ಕೆಲಸವೂ ನಿಮ್ಮ ತಲೆಗೇ ಬರುತ್ತದೆ. ಸ್ಟೇನ್ ಹಚ್ಚುವುದು ಈ ಕೆಲಸದ ಕೊನೆಯ ಸಣ್ಣ ಪಾಲು. ಅದಕ್ಕೂ ಮೊದಲಿನ ತೊಳೆಯುವುದು, ಒಣಗಿಸುವುದು, ನೋಡುವುದು, ಅದೇ ನಿಜವಾದ ಕೆಲಸ.

ಅಮೆರಿಕದಲ್ಲಿ ಮನೆ ಮಾಡಿರುವ ನಮ್ಮ ಜನಕ್ಕೆ ಡೆಕ್ಕಿನ ಆರೈಕೆ ಯಾಕೆ ಒಗ್ಗುವುದಿಲ್ಲ ಅನ್ನುವುದಕ್ಕೆ ಒಂದು ಕಾರಣ ನನಗೆ ತೋರುತ್ತದೆ. ನಮ್ಮೂರ ಮನೆಗಳಲ್ಲಿ ಮರವೆಲ್ಲ ಸೂರಿನ ಅಡಿಯಲ್ಲೇ ಇರುತ್ತದೆ. ಕಂಬ, ತೊಲೆ, ಬಾಗಿಲವಾಡ, ಮಲೆನಾಡಿನ ಜಗಲಿಯ ಕಟಾಂಜನ, ಯಾವುದೂ ನೇರ ಮಳೆಗೆ ಒಡ್ಡಿಕೊಳ್ಳುವುದಿಲ್ಲ. ಕರಾವಳಿಯ ಕಡೆ ಪಕಾಸಿಗೆ ಗೆದ್ದಲು ಹತ್ತದಿರಲೆಂದು ಗೇರೆಣ್ಣೆ ಬಳಿದರೆ ಅದರ ಪಾಡಿಗೆ ಅದು ಇರುತ್ತಿತ್ತು. ಡೆಕ್ಕಿನ ಹಲಗೆ ಹಾಗಲ್ಲ, ಆಕಾಶಕ್ಕೆ ಮುಖ ಮಾಡಿ ಮಲಗಿರುತ್ತದೆ. ಬಿಸಿಲು, ಮಳೆ, ಹಿಮ ಎಲ್ಲವೂ ಅದರ ಮೇಲೆಯೇ ಬೀಳುತ್ತವೆ, ಬಿದ್ದ ನೀರು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಹಚ್ಚಿ ಮರೆತುಬಿಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಹಾಗಂತ ಊರಿನ ನೆನಪಲ್ಲಿ ಗೇರೆಣ್ಣೆ ತರಿಸುವ ಸಾಹಸವನ್ನೂ ಮಾಡಬೇಡಿ. ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುವ ಎಣ್ಣೆ ಅದು, ಮಕ್ಕಳು ಬರಿಗಾಲಲ್ಲಿ ಓಡಾಡುವ ನೆಲಕ್ಕಲ್ಲ.

ಹಲಗೆ ಬೂದಿಯಾಯಿತೆಂದರೆ ಮರ ಸತ್ತಿತು ಅಂತ ಗಾಬರಿಯಾಗಬೇಡಿ. ಮರದ ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ಪದಾರ್ಥವನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ. ಒಡೆದದ್ದನ್ನು ಮಳೆ ತೊಳೆದುಕೊಂಡು ಹೋಗುತ್ತದೆ. ಉಳಿಯುವ ಬಿಳಿಚಿದ ನಾರಿನ ಮೇಲೆ ಶಿಲೀಂಧ್ರದ ಕಪ್ಪು ಕೂತು ಬೂದಿ ಬಣ್ಣ ಬರುತ್ತದೆ. ಇದೆಲ್ಲ ನಡೆಯುವುದು ತೆಳುವಾದ ಮೇಲ್ಪದರದಲ್ಲಿ ಮಾತ್ರ. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಅಮೆರಿಕದ ಅರಣ್ಯ ಇಲಾಖೆಯ ಪ್ರಯೋಗಾಲಯವೊಂದಿದೆ, 1910ರಿಂದ ಮರವನ್ನೇ ಅಭ್ಯಾಸ ಮಾಡುತ್ತ ಬಂದಿದೆ. ಅಲ್ಲಿಯವರ ಲೆಕ್ಕದಂತೆ, ಪೈನ್‌ನಂಥ ಮೆದು ಮರ ಹೀಗೆ ಬಿಸಿಲು ಮಳೆಗೆ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್. ಬೂದಿ ಬಣ್ಣ ನಿಮ್ಮ ಡೆಕ್ಕನ್ನು ಕೊಲ್ಲುವುದಿಲ್ಲ, ಕೊಲ್ಲುವುದು ಒಳಗೆ ಇಳಿದು ನಿಂತ ನೀರು. ಮರದಲ್ಲಿ ತೇವ ಶೇಕಡ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಸದಾ ಒದ್ದೆ ಇದ್ದರೆ ಅದಕ್ಕೆ ಹಬ್ಬ. ನೀವು ಮಾಡುವ ಪ್ರತಿ ಕೆಲಸದಲ್ಲೂ ಇದೊಂದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ: ನೀರು ಒಳಗೆ ಹೋಗಬಾರದು, ಹೋದದ್ದು ಹೊರಗೆ ಬರಲು ದಾರಿ ಇರಬೇಕು.

ಹಾಗಾದರೆ ಮೊದಲ ಕೆಲಸ ಡೆಕ್ಕಿನ ಮೇಲಲ್ಲ, ಕೆಳಗೆ. ಟಾರ್ಚ್ ಮತ್ತು ಒಂದು ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಹೋಗಿ ನೋಡಿ. ತೊಲೆಗಳಿಗೆ, ಕಂಬದ ಬುಡಕ್ಕೆ, ಮೆಟ್ಟಿಲಿನ ಪಕ್ಕದ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ಮರ ಅದನ್ನು ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಡೆಕ್ಕನ್ನು ಮನೆಯ ಗೋಡೆಗೆ ಹಿಡಿದಿರುವ ಲೆಡ್ಜರ್ ಹಲಗೆ ನೋಡಿ. ಅದನ್ನು ಬರೀ ಮೊಳೆ ಹೊಡೆದು ಕೂರಿಸಿದ್ದಾರೋ, ಬೋಲ್ಟ್ ಅಥವಾ ಅದಕ್ಕೆಂದೇ ಮಾಡಿದ ದಪ್ಪ ಸ್ಕ್ರೂ ಹಾಕಿದ್ದಾರೋ? ಡೆಕ್ಕುಗಳು ಕುಸಿಯುವುದು ಹೆಚ್ಚಾಗಿ ಇಲ್ಲಿಂದಲೇ. ಬರೀ ಮೊಳೆ ಕಂಡರೆ ಸ್ಟೇನ್ ವಿಚಾರ ಪಕ್ಕಕ್ಕಿಟ್ಟು ಮೊದಲು ಬಲ್ಲವರನ್ನು ಕರೆಸಿ. ಇಲ್ಲಿನ ಕಟ್ಟಡ ನಿಯಮದಂತೆ ಡೆಕ್ ಚದರ ಅಡಿಗೆ 40 ಪೌಂಡ್ ಜನಭಾರ ತಡೆಯಬೇಕು. ಗಣೇಶನ ಹಬ್ಬಕ್ಕೋ ಮಗುವಿನ ಹುಟ್ಟುಹಬ್ಬಕ್ಕೋ ನೆಂಟರೆಲ್ಲ ಫೋಟೊಗೆಂದು ಒಂದೇ ಮೂಲೆಯಲ್ಲಿ ನಿಲ್ಲುತ್ತಾರಲ್ಲ, ಆಗ ಈ ಮಾತು ನೆನಪಿರಲಿ. ರೇಲಿಂಗ್ ಹಿಡಿದು ಅಲ್ಲಾಡಿಸಿ ನೋಡಿ. ವಯಸ್ಸಾದವರು ಮೆಟ್ಟಿಲಿಳಿಯುವಾಗ ಪೂರ್ತಿ ಭಾರ ಬಿಡುವುದು ಅದರ ಮೇಲೆಯೇ. ಮೇಲೆ ಥಳುಕು ಒಳಗೆ ಹುಳುಕು ಆಗಿರುವ ಡೆಕ್ಕಿಗೆ ಬಣ್ಣ ಹಚ್ಚಿದರೆ ಅದು ಅಪಾಯವನ್ನು ಮುಚ್ಚಿಟ್ಟಂತೆ.

ಇನ್ನೊಂದು ಪ್ರಶ್ನೆಯನ್ನು ಹಳೆಯ ಮನೆ ಕೊಂಡವರೆಲ್ಲ ಕೇಳಿಕೊಳ್ಳಲೇಬೇಕು. ಈ ಡೆಕ್ ಕಟ್ಟಿದ್ದು ಯಾವಾಗ? 2003ರ ಕೊನೆಯವರೆಗೆ ಇಲ್ಲಿ ಮನೆಬಳಕೆಯ ಪೈನ್ ಹಲಗೆಗಳಿಗೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಸೇರಿದ ಔಷಧ ಕೊಡುತ್ತಿದ್ದರು. 2003ರ ಡಿಸೆಂಬರ್ 31ರ ನಂತರ ಅದು ನಿಂತಿತು. ನಿಮ್ಮ ಡೆಕ್ ಅದಕ್ಕೂ ಹಿಂದಿನದಾದರೆ ಮುಂದೆ ನಾನು ಹೇಳುವ ಅರ್ಧ ಕೆಲಸಗಳು ನಿಮಗಲ್ಲ. ಅದನ್ನು ಉಜ್ಜಿ ಪುಡಿ ಎಬ್ಬಿಸಬೇಡಿ, ಪ್ರೆಷರ್ ವಾಷರ್ ಹಿಡಿಯಬೇಡಿ, ಬ್ಲೀಚು, ಆಮ್ಲ, ಕ್ಷಾರ ಯಾವುದನ್ನೂ ಸುರಿಯಬೇಡಿ, ಕಿತ್ತ ತುಂಡನ್ನು ಬೆಂಕಿಗೆ ಹಾಕಬೇಡಿ. ಮೆದು ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಮರದೊಳಗೆ ಇಳಿಯುವ ಸ್ಟೇನನ್ನು ವರ್ಷಕ್ಕೋ ಎರಡು ವರ್ಷಕ್ಕೋ ತಪ್ಪದೆ ಹಚ್ಚುತ್ತಾ ಬನ್ನಿ. ಆರ್ಸೆನಿಕ್ ಕೈಗೆ ಹತ್ತುವುದನ್ನು ಅದು ತಗ್ಗಿಸುತ್ತದೆ. ಮಕ್ಕಳು ಅಲ್ಲಿ ಆಡಿ ಬಂದ ಮೇಲೆ ಕೈ ತೊಳೆಯದೆ ತಟ್ಟೆಗೆ ಕೈ ಹಾಕಲು ಬಿಡಬೇಡಿ. ಈ ವಿಷಯದಲ್ಲಿ ಸಡಿಲ ಬಿಟ್ಟರೆ ನಿಮ್ಮ ಮೇಲೆ ನನಗೆ ನಿಜಕ್ಕೂ ಕೋಪ ಬರುತ್ತದೆ.

ಆಮೇಲಿನ ಡೆಕ್ಕುಗಳ ಕಡೆ ಬರೋಣ. ಮೇಲೆದ್ದ ಮೊಳೆಗಳನ್ನು ಮತ್ತೆ ಮತ್ತೆ ಸುತ್ತಿಗೆಯಲ್ಲಿ ಬಡಿಯಬೇಡಿ, ಮುಂದಿನ ಬೇಸಿಗೆಗೆ ಅವು ಮತ್ತೆ ತಲೆ ಎತ್ತುತ್ತವೆ. ಕಿತ್ತು ಹಾಕಿ ಅದೇ ಜಾಗಕ್ಕೆ ಡೆಕ್ ಸ್ಕ್ರೂ ಬಿಗಿಯಿರಿ. ಇತ್ತೀಚಿನ ಹಲಗೆಗಳ ಔಷಧದಲ್ಲಿ ತಾಮ್ರ ಹೆಚ್ಚು, ಅದು ಸಾದಾ ಕಬ್ಬಿಣವನ್ನು ತಿಂದುಹಾಕುತ್ತದೆ. ಆದ್ದರಿಂದ ದಪ್ಪ ಸತುವಿನ ಲೇಪದ ಸ್ಕ್ರೂ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ, ಗ್ಯಾರೇಜಿನ ಡಬ್ಬಿಯಲ್ಲಿ ಸಿಕ್ಕ ಹಳೆಯವು ಬೇಡ. ಹಲಗೆಗಳ ಸಂದಿನಲ್ಲಿ ಸಿಕ್ಕಿಕೊಂಡ ಎಲೆ, ಕಡ್ಡಿ, ಕೊಳೆತ ಹೂವನ್ನೆಲ್ಲ ಒಂದು ಹಳೆಯ ಚಾಕುವಿನಿಂದ ಕೆದಕಿ ತೆಗೆಯಿರಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಕೊಳೆ ಶುರುವಾಗುವುದು ಆ ಸಂದಿನಲ್ಲೇ.

ಹಳೆಯ ಸ್ಟೇನ್ ಯಾವ ಜಾತಿಯದು ಅಂತ ತಿಳಿದುಕೊಳ್ಳಿ. ಬರೀ ಮಾಸಿ ತೆಳುವಾಗಿದ್ದರೆ ಅದು ಮರದೊಳಗೆ ಇಳಿದಿದ್ದ ಸ್ಟೇನ್, ನಿಮ್ಮ ಪುಣ್ಯ, ಚೆನ್ನಾಗಿ ತೊಳೆದರೆ ಸಾಕು. ಸಿಪ್ಪೆ ಸಿಪ್ಪೆಯಾಗಿ ಏಳುತ್ತಿದ್ದರೆ ಮೇಲೆ ಪೊರೆಯಾಗಿ ಕೂತದ್ದು, ಅದನ್ನು ತೆಗೆಯದೆ ಗತ್ಯಂತರವಿಲ್ಲ. ಒಂದು ಚಮಚ ನೀರನ್ನು ಅಲ್ಲಲ್ಲಿ ಚೆಲ್ಲಿಯೂ ನೋಡಿ. ನೀರು ಮಣಿಯಾಗಿ ನಿಂತ ಕಡೆ ಹಳೆಯ ಸ್ಟೇನ್ ಇನ್ನೂ ಕೆಲಸ ಮಾಡುತ್ತಿದೆ, ಅಲ್ಲಿ ಹೊಸದು ಇಳಿಯುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಹೀರಿಕೊಂಡ ಕಡೆ ಮರ ಬರಿದಾಗಿದೆ.

ಈಗ ತೊಳೆಯುವ ಮಾತು. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಲೇಬೇಕು. ಪಕ್ಕದ ಮನೆಯವರಿಂದ ಪ್ರೆಷರ್ ವಾಷರ್ ಎರವಲು ತಂದು, ಅತಿ ಸಣ್ಣ ಮೂತಿ ಹಾಕಿ, ಹಲಗೆಗೆ ತಾಗಿಸಿಯೇ ಹಿಡಿದು ಬೂದಿ ಹೋಗಿ ಹಳದಿ ಬಂತು ಅಂತ ಹಿಗ್ಗುತ್ತೀರಲ್ಲ, ಆ ಬೂದಿಯ ಜೊತೆಗೆ ಮರದ ಮೆದು ಭಾಗವೂ ಕೊಚ್ಚಿಹೋಗಿರುತ್ತದೆ. ಉಳಿಯುವುದು ಗೀರು ಬಿದ್ದ, ನಾರೆದ್ದ, ಕಾಲಿಗೆ ಸಿಬಿರು ಚುಚ್ಚುವ ಹಲಗೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಯಂತ್ರ ಬೇಕೇ ಬೇಕೆಂದರೆ ಅಗಲವಾಗಿ ಚಿಮ್ಮುವ ಮೂತಿ ಹಾಕಿ, ಒಂದು ಅಡಿ ದೂರದಿಂದ, ಪೈನ್ ಮತ್ತು ಸೀಡರ್‌ನಂಥ ಮೆದು ಮರಕ್ಕೆ 500ರಿಂದ 600 ಪಿಎಸ್ಐ ಒತ್ತಡದಲ್ಲಿ, ಮರದ ಎಳೆಯ ದಿಕ್ಕಿನಲ್ಲೇ ಒಂದೇ ಸಮ ಕೈ ಆಡಿಸಿ. ನನ್ನನ್ನು ಕೇಳಿದರೆ ಉದ್ದ ಹಿಡಿಯ ಗಟ್ಟಿ ನೈಲಾನ್ ಬ್ರಷ್ಷೇ ಮೇಲು. ತಂತಿ ಬ್ರಷ್ ಮಾತ್ರ ಮುಟ್ಟಬೇಡಿ. ಅದರಿಂದ ಮುರಿದ ಕಬ್ಬಿಣದ ಚೂರು ಮರದಲ್ಲಿ ಉಳಿದು ಮೊದಲ ಮಳೆಗೇ ತುಕ್ಕಿನ ಚುಕ್ಕಿ ಬಿಡುತ್ತದೆ.

ಬಟ್ಟೆ ಒಗೆಯುವ ಕ್ಲೋರಿನ್ ಬ್ಲೀಚನ್ನು ಬಕೆಟ್ಟಿಗೆ ಸುರಿದು ತೊಳೆಯುವವರೂ ಇದ್ದಾರೆ. ಪಾಚಿ ಸಾಯುತ್ತದೆ, ನಿಜ, ಆದರೆ ಮರದ ಲಿಗ್ನಿನ್ನೂ ಕೆಡುತ್ತದೆ, ಗಿಡಗಳೂ ಸುಡುತ್ತವೆ. ಅದರ ಬದಲು ಸೋಡಿಯಂ ಪರ್‌ಕಾರ್ಬೊನೇಟ್ ಇರುವ ಪುಡಿ ತನ್ನಿ. ಆಕ್ಸಿಜನ್ ಬ್ಲೀಚ್ ಅಂತ ಮಾರುತ್ತಾರೆ. ಬಿಸಿನೀರಿನಲ್ಲಿ ಕದಡಿ ಹಲಗೆಯ ಮೇಲೆ ಹರಡಿ, ಕಾಲು ಗಂಟೆ ಒಣಗದಂತೆ ಒದ್ದೆಯಾಗಿಟ್ಟು, ಉಜ್ಜಿ ತೊಳೆಯಿರಿ. ಸಿಪ್ಪೆ ಏಳುವ ಹಳೆಯ ಸ್ಟೇನ್ ಇದ್ದರೆ ಮಾತ್ರ ಸ್ಟ್ರಿಪ್ಪರ್ ಬೇಕು. ಅದು ಕಟು ಕ್ಷಾರ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಮೈ ಮುಚ್ಚುವ ಬಟ್ಟೆ ಇಲ್ಲದೆ ಮುಟ್ಟಬೇಡಿ. ಎರಡರಲ್ಲಿ ಯಾವುದನ್ನು ಬಳಸಿದರೂ ಮರ ಸ್ವಲ್ಪ ಕಪ್ಪಾಗುತ್ತದೆ. ಆಗ ಆಕ್ಸಾಲಿಕ್ ಆಮ್ಲದ ಬ್ರೈಟ್ನರ್ ಸಿಂಪಡಿಸಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ತೊಳೆದರೆ ಕ್ಷಾರವೂ ಅಳಿಯುತ್ತದೆ, ಮೊಳೆಯ ಸುತ್ತ ಕಟ್ಟಿದ ಕಪ್ಪೂ ಹೋಗುತ್ತದೆ, ಮರಕ್ಕೆ ತನ್ನ ಬಣ್ಣ ಮರಳುತ್ತದೆ. ಕ್ಲೋರಿನ್ ಬ್ಲೀಚನ್ನು ಆಮ್ಲದ ಜೊತೆಗಾಗಲಿ ಅಮೋನಿಯಾ ಜೊತೆಗಾಗಲಿ ಎಂದೂ ಬೆರೆಸಬೇಡಿ, ಏಳುವ ಗಾಳಿ ಪ್ರಾಣಕ್ಕೇ ಎರವು. ಆಕ್ಸಾಲಿಕ್ ಪುಡಿ ನೋಡಲು ಸಕ್ಕರೆಯ ಹಾಗಿದ್ದರೂ ವಿಷ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಶುರು ಮಾಡುವ ಮೊದಲೇ ತುಳಸಿ ಕುಂಡ, ಕರಿಬೇವು, ಮಲ್ಲಿಗೆಯನ್ನು ದೂರ ಸರಿಸಿ. ನೆಲದಲ್ಲಿ ಬೇರೂರಿದ ಗಿಡಗಳಿಗೆ ನೀರು ಹನಿಸಿ ಪ್ಲಾಸ್ಟಿಕ್ ಹೊದಿಸಿ, ಕೆಲಸ ಮುಗಿದ ಕೂಡಲೇ ಹೊದಿಕೆ ತೆಗೆಯಿರಿ.

ತೊಳೆದ ಮರುದಿನವೇ ಬ್ರಷ್ ಹಿಡಿಯಬೇಡಿ. ತಾಳಿದವನು ಬಾಳಿಯಾನು. ಮೇಲೆ ಒಣಗಿದಂತೆ ಕಂಡರೂ ಮರದ ಹೊಟ್ಟೆಯಲ್ಲಿ ನೀರಿರುತ್ತದೆ. ಮಳೆಯಿಲ್ಲದ ಎರಡು ಪೂರ್ತಿ ದಿನ ಬಿಡಿ, ನೆರಳಿರುವ ಹಿತ್ತಲಾದರೆ ಮೂರು ದಿನ. ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ, ಶೇಕಡ 15ಕ್ಕಿಂತ ಕೆಳಗೆ ತೋರಿಸಿದರೆ ಮುಂದುವರಿಯಿರಿ. ಆಮೇಲೆ ಎದ್ದ ನಾರನ್ನು ಉಪ್ಪುಕಾಗದದಿಂದ ಉಜ್ಜಿ. ಕಾಲಿಡುವ ಹಲಗೆಗೆ 60ರಿಂದ 80 ನಂಬರಿನ ಒರಟು ಕಾಗದವೇ ಸರಿ. ನುಣ್ಣಗಾಗಲಿ ಅಂತ 150 ನಂಬರ್ ಹಾಕಿದರೆ ಮರದ ರಂಧ್ರ ಮುಚ್ಚಿ ಸ್ಟೇನ್ ಒಳಗಿಳಿಯದೆ ಮೇಲೇ ಉಳಿಯುತ್ತದೆ. ಕೈ ಹಿಡಿಯುವ ರೇಲಿಂಗಿಗೆ ಮಾತ್ರ ಇನ್ನಷ್ಟು ನಯ ಇರಲಿ. ಮೂಗಿಗೆ ಮಾಸ್ಕ್ ಇರಲಿ. ಪುಡಿಯನ್ನು ಗುಡಿಸಿ, ವ್ಯಾಕ್ಯೂಮ್ ಮಾಡಿ ತೆಗೆಯಿರಿ.

ಸ್ಟೇನ್ ಆರಿಸುವಾಗ ಅಂಗಡಿಯ ಹೊಳಪಿಗೆ ಮರುಳಾಗಬೇಡಿ. ಬಣ್ಣವೇ ಇಲ್ಲದ ಪಾರದರ್ಶಕ ಎಣ್ಣೆ ಬಿಸಿಲನ್ನು ತಡೆಯುವುದು ಕಡಿಮೆ, ಒಂದು ವರ್ಷದಲ್ಲಿ ಮತ್ತೆ ಬೂದಿ. ಪೂರ್ತಿ ಮುಚ್ಚುವ ಗಟ್ಟಿ ಸ್ಟೇನ್, ಪೇಂಟ್, ವಾರ್ನಿಷ್ ಇವೆಲ್ಲ ಮೇಲೆ ಪೊರೆ ಕಟ್ಟುತ್ತವೆ. ಕಾಲ್ತುಳಿತಕ್ಕೆ, ಹಿಮಕ್ಕೆ ಆ ಪೊರೆ ಬಿರಿದು, ಅದರ ಕೆಳಗೆ ನೀರು ಸೇರಿ, ಹೊರಬರಲಾಗದೆ ಮರವನ್ನು ಕೊಳೆಸುತ್ತದೆ. ನೆಲದ ಹಲಗೆಗೆ ನನ್ನ ಮತ ಅರೆಪಾರದರ್ಶಕ ಸ್ಟೇನಿಗೆ. ಅದರಲ್ಲಿರುವ ಬಣ್ಣದ ಪುಡಿ ಬಿಸಿಲು ತಡೆಯುತ್ತದೆ, ಉಳಿದದ್ದು ಮರದೊಳಗೆ ಇಳಿಯುತ್ತದೆ. ಎರಡು ಮೂರು ವರ್ಷಕ್ಕೆ ಮಾಸುತ್ತದೆ, ಸಿಪ್ಪೆ ಏಳುವುದಿಲ್ಲ, ತೊಳೆದು ಮತ್ತೆ ಹಚ್ಚಬಹುದು. ಹಳೆಯ ಒಣ ಹಲಗೆ ಹೆಚ್ಚು ಕುಡಿಯುತ್ತದೆ. ಒಂದು ಗ್ಯಾಲನ್ 150ರಿಂದ 200 ಚದರ ಅಡಿಗೆ ಸಾಕಾಗುತ್ತದೆಂದು ಇಟ್ಟುಕೊಳ್ಳಿ. 12 ಅಡಿಗೆ 16 ಅಡಿಯ ಡೆಕ್ ಅಂದರೆ 192 ಚದರ ಅಡಿ. ರೇಲಿಂಗ್ ಮೆಟ್ಟಿಲು ಸೇರಿ ಎರಡು ಗ್ಯಾಲನ್ ಬೇಕು. ಎರಡೂ ಡಬ್ಬಿಯನ್ನು ದೊಡ್ಡ ಬಕೆಟ್ಟಿಗೆ ಸುರಿದು ಕಲಸಿಕೊಳ್ಳಿ, ಇಲ್ಲದಿದ್ದರೆ ನಡುವಿನಲ್ಲಿ ಬಣ್ಣ ಬದಲಾದದ್ದು ಕಣ್ಣಿಗೆ ಹೊಡೆಯುತ್ತದೆ.

ಹಚ್ಚುವ ದಿನ ಉಷ್ಣತೆ 50ರಿಂದ 90 ಡಿಗ್ರಿ ಫ್ಯಾರನ್‌ಹೀಟ್ ನಡುವೆ ಇರಲಿ, ಮುಂದಿನ ಎರಡು ದಿನ ಮಳೆ ಇಲ್ಲವೆಂದು ನೋಡಿಕೊಳ್ಳಿ. ಸುಡು ಬಿಸಿಲಿನಲ್ಲಿ ಹಚ್ಚಬೇಡಿ, ಒಳಗಿಳಿಯುವ ಮೊದಲೇ ಆರಿಹೋಗುತ್ತದೆ. ನೆರಳು ಸರಿದಂತೆ ನೀವೂ ಸರಿಯಿರಿ. ಒಂದು ಸಲಕ್ಕೆ ಎರಡು ಮೂರು ಹಲಗೆ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನಡುವೆ ನಿಲ್ಲಿಸದೆ ಮುಗಿಸಿ. ಫೋನ್ ಬಂತೆಂದು ಅರ್ಧಕ್ಕೆ ಎದ್ದುಹೋದರೆ ಆ ಗೆರೆ ಹಾಗೇ ಉಳಿಯುತ್ತದೆ. ರೋಲರಿನಲ್ಲಿ ಹರಡಿದರೂ ಹಿಂದೆಯೇ ಬ್ರಷ್ಷಿನಿಂದ ತಿಕ್ಕಿ ಒಳಗಿಳಿಸಿ. ಕೊಯ್ದ ತುದಿಗಳು ಹಲಗೆಯ ಮೈಗಿಂತ ಎಷ್ಟೋ ಪಟ್ಟು ನೀರು ಹೀರುತ್ತವೆ, ಅವಕ್ಕೆ ಎರಡು ಮೂರು ಸಲ ಕುಡಿಸಿ. ತಲೆಗೆ ಎಣ್ಣೆ ತಿಕ್ಕುವ ಹಾಗೆಯೇ ಇದೂ: ಬುಡಕ್ಕೆ ಇಳಿದಷ್ಟೇ ಪ್ರಯೋಜನ, ಮಿಕ್ಕದ್ದು ಜಿಡ್ಡು. ಕಾಲು ಗಂಟೆ ಬಿಟ್ಟು ನೋಡಿ, ಇನ್ನೂ ಹೊಳೆಯುತ್ತ ನಿಂತಿದ್ದನ್ನು ಬಟ್ಟೆಯಿಂದ ಒರೆಸಿಬಿಡಿ. ದಪ್ಪ ಹಚ್ಚಿದರೆ ಹೆಚ್ಚು ಬಾಳುತ್ತದೆ ಅನ್ನುವುದು ತಪ್ಪು ಲೆಕ್ಕ. ಅದು ಅಂಟಂಟಾಗಿ, ಮಳೆಯಲ್ಲಿ ಕಾಲು ಜಾರಿಸುತ್ತದೆ.

ಆ ಒರೆಸಿದ ಬಟ್ಟೆಯ ಬಗ್ಗೆ ನಿಂತು ಕೇಳಿಸಿಕೊಳ್ಳಿ. ಎಣ್ಣೆಯ ಸ್ಟೇನ್ ಒಣಗುವಾಗ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಾವು ಹುಟ್ಟಿಸುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಗ್ಯಾರೇಜಿನ ಮೂಲೆಗೋ ಕಸದ ಡಬ್ಬಿಗೋ ಎಸೆದರೆ ಆ ಕಾವು ಹೊರಹೋಗಲಾರದೆ ಏರುತ್ತ ಏರುತ್ತ ಕೆಲವೇ ಗಂಟೆಗಳಲ್ಲಿ ತಾನಾಗಿಯೇ ಬೆಂಕಿ ಹತ್ತುತ್ತದೆ. ಕಡ್ಡಿ ಗೀರಬೇಕಿಲ್ಲ, ಕಿಡಿ ಬೇಕಿಲ್ಲ. ಹೀಗೆ ಸುಟ್ಟ ಮನೆಗಳಿವೆ. ಬಟ್ಟೆಗಳನ್ನು ಒಂದೊಂದಾಗಿ ಹೊರಗೆ ಕಾಂಕ್ರೀಟಿನ ಮೇಲೆ ಹರವಿ ಗಟ್ಟಿಯಾಗುವವರೆಗೆ ಒಣಗಿಸಿ, ಇಲ್ಲವೇ ಲೋಹದ ಡಬ್ಬಿಯಲ್ಲಿ ನೀರು ತುಂಬಿ ಮುಳುಗಿಸಿ ಮುಚ್ಚಳ ಹಾಕಿಡಿ. ದಣಿದಿದ್ದೀರಿ, ನಾಳೆ ನೋಡೋಣ ಅನ್ನಿಸುತ್ತದೆ. ಬೇಡ, ಸ್ನಾನಕ್ಕೆ ಹೋಗುವ ಮೊದಲೇ ಈ ಕೆಲಸ ಮುಗಿಯಬೇಕು.

ಇಷ್ಟು ಕಷ್ಟಪಟ್ಟ ಮೇಲೆ ದಿನನಿತ್ಯದ ಅಸಡ್ಡೆಯಿಂದ ಕೆಡಿಸಬೇಡಿ. ತುಳಸಿ ಕುಂಡವನ್ನು ಹಲಗೆಗೆ ಅಂಟಿಸಿ ಇಟ್ಟು ದಿನಾ ನೀರೆರೆದರೆ ಕೆಳಗೆ ಕಪ್ಪು ಚಕ್ರ ಮೂಡುತ್ತದೆ, ಹಲಗೆ ಮೆತ್ತಗಾಗುವುದೂ ಅಲ್ಲೇ. ಕುಂಡದಡಿ ಮೂರು ಪುಟ್ಟ ಕಾಲು ಇಟ್ಟು ಗಾಳಿ ಆಡಲು ಬಿಡಿ. ಮನೆಯೊಳಗೆ ವಾಸನೆ, ಹೊಗೆಯ ಅಲಾರಂ ಗಲಾಟೆ ಬೇಡವೆಂದು ಡೆಕ್ಕಿನಲ್ಲಿ ಬಜ್ಜಿ ಕರಿಯುತ್ತೀರಿ, ಮೀನು ಹುರಿಯುತ್ತೀರಿ, ಸಂತೋಷ. ಆದರೆ ಒಲೆಯ ಕೆಳಗೆ ಬೆಂಕಿಗೆ ಜಗ್ಗದ ಹಾಸು ಇರಲಿ, ಒಲೆ ಗೋಡೆಯಿಂದ ದೂರವಿರಲಿ. ಎಣ್ಣೆ ಬಿದ್ದ ಜಾಗದಲ್ಲಿ ಮುಂದಿನ ಸಲ ಸ್ಟೇನ್ ಹಿಡಿಯುವುದೇ ಇಲ್ಲ. ಹಿಂದೆ ರಬ್ಬರ್ ಇರುವ ಕಂಬಳಿಯನ್ನು ಬೇಸಿಗೆಯಿಡೀ ಹಾಸಿಡಬೇಡಿ, ನೀರು ಅದರಡಿ ಸೆರೆಯಾಗುತ್ತದೆ. ಚಳಿಗಾಲದಲ್ಲಿ ಹಿಮ ಎಳೆಯುವಾಗ ಲೋಹದ ಸಲಿಕೆ ಬೇಡ, ಪ್ಲಾಸ್ಟಿಕ್ಕಿನದನ್ನು ಹಲಗೆಯ ಉದ್ದಕ್ಕೆ ಆಡಿಸಿ, ಅಡ್ಡಕ್ಕೆ ಅಲ್ಲ. ಕಲ್ಲುಪ್ಪು ಎರಚಿದರೆ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ.

ಅಪ್ಪ ಅಮ್ಮ ಬರುವ ಹೊತ್ತಿಗೆ ಪಾಚಿ ಇಲ್ಲದಿರುವುದು ಬಣ್ಣಕ್ಕಿಂತ ದೊಡ್ಡ ವಿಷಯ. ಸಿಯಾಟಲ್‌ನಂಥ ಸದಾ ತೇವದ ಊರುಗಳಲ್ಲಂತೂ ಬಡಗಣ ಮೂಲೆ ಹಸಿರುಗಟ್ಟುತ್ತದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬರುವ ವಯಸ್ಸಾದವರು ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ತೊಳೆಯುವುದು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಮೇಲೆ ಚಾಚಿದ ಕೊಂಬೆ ಕತ್ತರಿಸಿ ಬಿಸಿಲು ಬೀಳಲು ಬಿಡಿ, ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರಿನ ಮುಖ ಡೆಕ್ಕಿನಿಂದಾಚೆ ತಿರುಗಿಸಿ, ವಸಂತದಲ್ಲೊಮ್ಮೆ ಹಾಗೂ ಎಲೆ ಉದುರಿದ ಮೇಲೆ ಇನ್ನೊಮ್ಮೆ ಸಂದುಗಳನ್ನು ಕೆದಕಿ ಗುಡಿಸಿ.

ಹಚ್ಚಿದ ಮೇಲೆ ಎರಡು ದಿನ ಬರಿಗಾಲಲ್ಲಾಗಲಿ ಚಪ್ಪಲಿಯಲ್ಲಾಗಲಿ ಯಾರೂ ಮೇಲೆ ಬರಬಾರದು, ಮೇಜು ಕುರ್ಚಿ ಮೂರನೆಯ ದಿನ ಬರಲಿ. ಸ್ಟೇನ್ ಡಬ್ಬಿಯ ಚೀಟಿ ಮತ್ತು ಬಣ್ಣದ ಸಂಖ್ಯೆಯ ಫೋಟೊ ತೆಗೆದು, ಹಚ್ಚಿದ ತಾರೀಖಿನ ಜೊತೆ ಫೋನಿನಲ್ಲಿ ಇಟ್ಟುಕೊಳ್ಳಿ. ತಿದ್ದುವುದಕ್ಕೆ ಬೇಕಾಗುವಷ್ಟನ್ನು ಗಾಜಿನ ಶೀಶೆಯಲ್ಲಿ ಎತ್ತಿಟ್ಟು, ಉಳಿದದ್ದನ್ನು ಚರಂಡಿಗೆ ಸುರಿಯದೆ ನಿಮ್ಮ ಕೌಂಟಿಯವರು ಅಪಾಯಕಾರಿ ಮನೆಕಸ ತೆಗೆದುಕೊಳ್ಳುವ ದಿನ ಒಯ್ದು ಕೊಡಿ.